ತೋಟದ ಮನೆಗೆ ಯಾವ ಕೋವಿ? ರಿವಾಲ್ವರ್ ಆಸೆ ಬಿಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕಾಫಿ ಕೊಯ್ಲಿನ ಕಾಲ ಬಂತೆಂದರೆ ಕೋವಿಯ ಪ್ರಶ್ನೆಗಳೂ ಬರುತ್ತವೆ. ವರ್ಷ ವರ್ಷವೂ ಅವೇ ಪ್ರಶ್ನೆಗಳು, ಅವವೇ ತಪ್ಪು ತಿಳಿವಳಿಕೆಗಳು. ಲೈಸೆನ್ಸಿಗೆ ಯಾವ ಫಾರಂ, ಯಾರಿಗೆ ಅರ್ಜಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಡಿ.ಸಿ. ಕಚೇರಿಯಲ್ಲೋ, ಕಮಿಷನರೇಟ್ ಇರುವ ಊರಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿಯಲ್ಲೋ ಕೇಳಿಕೊಳ್ಳಿ. ಅಲ್ಲಿ ಯಾರೂ ಹೇಳದ ವಿಷಯಕ್ಕೆ ಇಲ್ಲಿನ ಜಾಗ ಮೀಸಲು.

ಪ್ರಶ್ನೆ: ಕೊಪ್ಪದ ಹತ್ತಿರ ಒಂಟಿ ಮನೆ, ಆರು ಎಕರೆ ತೋಟ. ಲೈಸೆನ್ಸ್ ಸಿಗುವ ಹಂತದಲ್ಲಿದೆ. ಕಡಿಮೆ ಖರ್ಚಿನಲ್ಲಿ ಮನೆ ಕಾಯಲು .32 ರಿವಾಲ್ವರ್ ತೆಗೆದುಕೊಳ್ಳಲೇ, ಪಂಪ್ ಆ್ಯಕ್ಷನ್ ಬಂದೂಕೇ, ಹಳೆಯ ಜೋಡಿ ನಳಿಗೆಯ ಕೋವಿಯೇ? ಕೋವಿಯಾದರೆ ಗುರಿಯೇ ಬೇಕಿಲ್ಲ, ಚರೆ ಹರಡಿಕೊಳ್ಳುತ್ತದೆ ಎನ್ನುತ್ತಾರೆ, ನಿಜವೇ?

ಗಟ್ಟಿಯಾಗಿರುವ ಹಳೆಯ ಜೋಡಿ ನಳಿಗೆ, 12 ಬೋರ್. ಲೈಸೆನ್ಸಿನಲ್ಲಿ ಯಾವ ಬಗೆಯ ಆಯುಧ ಎಂದು ನಮೂದಾಗುತ್ತದೆ, ಆದ್ದರಿಂದ ಲೈಸೆನ್ಸ್ ಕೈಗೆ ಬರುವ ಮುನ್ನವೇ ತೀರ್ಮಾನ ಮಾಡಿ.

ರಿವಾಲ್ವರ್ ಏಕೆ ಬೇಡ? ಮೊದಲನೆಯದು ದುಡ್ಡು. ಕಾನ್ಪುರದ ಕಾರ್ಖಾನೆಯ ‘ನಿರ್ಭೀಕ್’ 2014ರಲ್ಲಿ ಬಂದಾಗಲೇ ಅದರ ಬೆಲೆ 1,22,360 ರೂಪಾಯಿ. ಎರಡನೆಯದು ಅಭ್ಯಾಸ. ಗಿಡ್ಡ ನಳಿಗೆ, ಬಿಗಿಯಾದ ಕುದುರೆ (ಟ್ರಿಗರ್), ಒಂದೇ ಕೈಯಳತೆಯ ಹಿಡಿ: ಇದರಲ್ಲಿ ಹತ್ತು ಹೆಜ್ಜೆ ದೂರದ ಗುರಿಗೆ ಹೊಡೆಯಲು ತಿಂಗಳುಗಟ್ಟಲೆ ರೇಂಜಿನಲ್ಲಿ ತೋಟೆ ಸುಡಬೇಕು. ನಿಮಗೆ ವರ್ಷಕ್ಕೆ ಸಿಗುವ ತೋಟೆ ಲೈಸೆನ್ಸಿನಲ್ಲಿ ಬರೆದಷ್ಟೇ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆಸೆಗಾಗಿ ಕೊಳ್ಳುವವರೇ ಹೆಚ್ಚು, ಮನೆ ಕಾಯಲು ಅದು ಅತಿ ಕಷ್ಟದ ಆಯುಧ. .315 ರೈಫಲ್ ಅಂತೂ ಮನೆಯ ಮಾತೇ ಅಲ್ಲ. ಅದರ ಗುಂಡು ನಿಮ್ಮ ಬೇಲಿ ದಾಟಿ, ಒಂದು ಕಿಲೋಮೀಟರ್ ಆಚೆಯ ಕೂಲಿ ಲೈನಿನಲ್ಲೂ ಜೀವ ತೆಗೆಯುತ್ತದೆ.

ಪಂಪ್ ಆ್ಯಕ್ಷನ್ ಒಳ್ಳೆಯ ಬಂದೂಕು, ಆದರೆ ಗಾಬರಿಯಲ್ಲಿ ಕೈ ಅರ್ಧಕ್ಕೇ ನಿಲ್ಲುತ್ತದೆ. ಮುಂಗೈಯ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯದಿದ್ದರೆ ಖಾಲಿ ತೋಟೆ ಹೊರಬೀಳುವುದಿಲ್ಲ, ಹೊಸತು ಏರುವುದಿಲ್ಲ, ಬಂದೂಕು ಕಚ್ಚಿಕೊಳ್ಳುತ್ತದೆ. ಜೋಡಿ ನಳಿಗೆಯಲ್ಲಿ ಆ ತಾಪತ್ರಯವಿಲ್ಲ. ಎರಡು ನಳಿಗೆ, ಎರಡು ಕುದುರೆ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಬಾಗಿಸಿದರೆ ತುಂಬಿದೆಯೋ ಖಾಲಿಯೋ ಎಂಬುದು ಮನೆಮಂದಿಗೆಲ್ಲ ಕಣ್ಣಿಗೇ ಕಾಣುತ್ತದೆ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ.

ಇನ್ನು ಗುರಿ ಬೇಕಿಲ್ಲ ಎಂಬ ಮಾತು. ಇದನ್ನು ಹೇಳುವವರು ಒಂದು ರಟ್ಟಿಗೂ ಹೊಡೆದು ನೋಡಿದವರಲ್ಲ. ಚೋಕ್ (ಬಾಯಿಯ ಬಳಿ ನಳಿಗೆ ಕಿರಿದಾಗುವುದು) ಇಲ್ಲದ ನಳಿಗೆಯಲ್ಲೂ ಚರೆ ಹರಡುವುದು ಗಜಕ್ಕೆ ಸುಮಾರು ಒಂದು ಇಂಚು. ಹಜಾರದ ಈ ಗೋಡೆಯಿಂದ ಆ ಗೋಡೆಗೆ ಐದಾರು ಗಜವೆಂದರೆ ಐದಾರು ಇಂಚು, ಒಂದು ಗೇಣೂ ಆಗುವುದಿಲ್ಲ. ಅಷ್ಟು ಹತ್ತಿರದಲ್ಲಿ ಅದು ಒಂದೇ ಮುದ್ದೆಯಂತೆ ಹೋಗುತ್ತದೆ, ತಪ್ಪಿದರೆ ಪೂರ್ತಿ ತಪ್ಪುತ್ತದೆ. ಔನ್ಸಿಗೆ 6 ಗುಂಡಿನ ಎಲ್‌ಜಿ, 8 ಗುಂಡಿನ ಎಸ್‌ಜಿ ಎಂಬ ದಪ್ಪ ಚರೆಗಳು ಹಲಗೆಯ ಬಾಗಿಲು, ತಗಡನ್ನೆಲ್ಲ ತೂರಿ ಆಚೆ ಕೋಣೆಗೆ ಹೋಗುತ್ತವೆ. ಆಚೆ ಕೋಣೆಯಲ್ಲಿ ಮಲಗಿರುವವರು ನಿಮ್ಮವರೇ. ಮನೆಯೊಳಗೆ ಇವನ್ನು ತುಂಬಬೇಡಿ. ಔನ್ಸಿಗೆ 70ರಷ್ಟಿರುವ ಬಿಬಿ ಎಂಬ ಸಣ್ಣ ಚರೆ ಸಾಕು, ಅದರ ಹಿಂದೆಯೂ ಯಾರಿದ್ದಾರೆಂದು ನೋಡದೆ ಕುದುರೆಗೆ ಬೆರಳು ಹೋಗಬಾರದು.

ಹಳೆಯ ಕೋವಿಯನ್ನು ಪರೀಕ್ಷಿಸುವುದು ಹೀಗೆ. ಬಾಗಿಸಿ, ಎರಡೂ ಕೋಣೆಗಳು (ನಳಿಗೆಯಲ್ಲಿ ತೋಟೆ ಕೂರುವ ಜಾಗ, ಚೇಂಬರ್) ಖಾಲಿ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ನಳಿಗೆಯ ಕೆಳಗಿನ ಮರದ ಹಿಡಿ ಬಿಚ್ಚಿ, ಕೋವಿ ಮುಚ್ಚಿ, ದಸ್ತವನ್ನು (ಹೆಗಲಿಗೆ ಕೊಡುವ ಹಿಂದಿನ ಮರದ ಭಾಗ) ಬಗಲಿಗೆ ಒತ್ತಿಹಿಡಿದು ನಳಿಗೆಯನ್ನು ಎಡಬಲಕ್ಕೆ ಅಲ್ಲಾಡಿಸಿ. ಕಟಕಟ ಎಂದರೆ ಗೂಟ ಸವೆದಿದೆ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಕೋವಿ ಬಾಗಿಸಲು ತಿರುಗಿಸುವ ಮೇಲಿನ ಕೀಲಿ, ಮುಚ್ಚಿದಾಗ ನಡುವಿಗೋ ಕೊಂಚ ಬಲಕ್ಕೋ ನಿಲ್ಲಬೇಕು. ನಡು ದಾಟಿ ಎಡಕ್ಕೆ ಹೋಗಿದ್ದರೆ ಕೊಂಡಿ ಸವೆದಿದೆ ಎಂದೇ ಅರ್ಥ.

ಆಮೇಲೆ ನಳಿಗೆಗಳನ್ನು ಬೇರ್ಪಡಿಸಿ, ಬೆಳಕಿನ ಕಿಟಕಿಗೆ ಹಿಡಿದು ಒಳಗೆ ನೋಡಿ. ಒಳಗಿನ ನೆರಳಿನ ಬಳೆಗಳು ಒಂದರೊಳಗೊಂದು ದುಂಡಗೆ ಸಾಗಬೇಕು. ಬಳೆ ಒಂದು ಕಡೆ ಮುರಿದಂತೆ ಕಂಡರೆ ಅಲ್ಲಿ ತಗ್ಗಿದೆ, ಸುತ್ತಲೂ ಅಗಲದ ಕಪ್ಪು ಬಳೆ ಕಂಡರೆ ನಳಿಗೆ ಉಬ್ಬಿದೆ. ತಗ್ಗನ್ನು ಎತ್ತಿಸಬಹುದು, ಉಬ್ಬಿಗೆ ಮದ್ದಿಲ್ಲ. ಕೋಣೆಯ ಮುಂದಿನ ಒಂದು ಗೇಣಿನಲ್ಲಿ ತುಕ್ಕಿನ ಗುಳಿಗಳಿದ್ದರೆ ಬೇಡವೇ ಬೇಡ, ಒತ್ತಡ ಅತಿ ಹೆಚ್ಚಿರುವುದು ಅಲ್ಲೇ.

ಈಗ ನಳಿಗೆಯನ್ನು ಅದರ ಕೊಕ್ಕೆಯಲ್ಲಿ ಬೆರಳಿಗೆ ತೂಗುಹಾಕಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಸಣ್ಣ ಗಂಟೆಯ ಹಾಗೆ ದನಿ ಹೊರಟು ನಿಧಾನವಾಗಿ ಕರಗಬೇಕು. ಒಡೆದ ಮಡಕೆಯಂತೆ ಬಡಬಡ ಎಂದರೆ ಎರಡು ನಳಿಗೆಗಳನ್ನು ಹಿಡಿದಿರುವ ಬೆಸುಗೆ ಬಿಟ್ಟಿದೆ, ಸಂದಿಯಲ್ಲಿ ಎಷ್ಟೋ ಮಳೆಗಾಲದ ತುಕ್ಕು ಕೂತಿರುತ್ತದೆ.

ಜನ ಎಡವುವುದು ಕೋಣೆಯ ಉದ್ದದಲ್ಲಿ. ಹಳೆಯ ಇಂಗ್ಲಿಷ್, ಬೆಲ್ಜಿಯಂ ಕೋವಿಗಳಲ್ಲಿ ಬಹಳಷ್ಟು 65 ಮಿ.ಮೀ. ಕೋಣೆಯವು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 70 ಮಿ.ಮೀ. ತೋಟೆ. ಅದು ಸಲೀಸಾಗಿ ಒಳಗೆ ಕೂರುತ್ತದೆ, ಮೋಸ ಆಗುವುದೂ ಅಲ್ಲಿಯೇ. ಡಬ್ಬಿಯ ಮೇಲೆ ಬರೆದ ಅಳತೆ, ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯದು, ಮಡಚಿದ್ದಾಗ ಅದು ಗಿಡ್ಡ. ಕುದುರೆ ಎಳೆದಾಗ ತುದಿ ಬಿಚ್ಚಿ ನಳಿಗೆ ಕಿರಿದಾಗುವ ಜಾಗಕ್ಕೇ ನುಗ್ಗುತ್ತದೆ, ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ನಳಿಗೆಯ ತಳದ ಮುದ್ರೆಗಳಲ್ಲಿ ಉದ್ದ ಕೆತ್ತಿರುತ್ತದೆ. ಇಲ್ಲದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರಿಂದ ಗೇಜು ಹಾಕಿಸಿ. ‘ಕೋಣೆ ಕೊರೆದು ಉದ್ದ ಮಾಡಿಕೊಡುತ್ತೇನೆ’ ಎನ್ನುವವರ ಮಾತಿಗೆ ಮರುಳಾಗಬೇಡಿ. ಕೊರೆದಷ್ಟೂ ಗೋಡೆ ತೆಳುವಾಗುತ್ತದೆ, ನಳಿಗೆ ಒತ್ತಡ ತಾಳುತ್ತದೆಂದು ಒತ್ತಿದ ಪ್ರೂಫ್ ಮುದ್ರೆಗೆ ಬೆಲೆಯೇ ಉಳಿಯುವುದಿಲ್ಲ. ಮೈಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆಗಳ ಡಮಾಸ್ಕಸ್ ನಳಿಗೆ ಕಂಡರೆ ಗೋಡೆಗೆ ತೂಗುಹಾಕಿ, ಈಗಿನ ತೋಟೆ ಅದರೊಳಗೆ ಹೋಗಬಾರದು.

ಕೊನೆಗೆ ಕುದುರೆ. ಸ್ನ್ಯಾಪ್ ಕ್ಯಾಪ್ ಎಂಬ ಡಮ್ಮಿ ತೋಟೆ ಹಾಕಿ, ಸೇಫ್ಟಿಯನ್ನು ಮುಂದಕ್ಕೆ ತಳ್ಳಿ ತೆಗೆದು, ದಸ್ತದ ಹಿಂಭಾಗವನ್ನು ಜಮಖಾನೆಯ ಮೇಲೆ ಅಂಗೈಯಿಂದ ಗುದ್ದಿದಷ್ಟು ಜೋರಾಗಿ ಕುಟ್ಟಿ. ಚಟ್ ಎಂದು ಬಿದ್ದರೆ ಆ ಕೋವಿ ಕೆಳಗೆ ಬಿದ್ದಾಗಲೂ ಹಾರುತ್ತದೆ. ಕುದುರೆಯ ಬಿಗಿ ಒಂದೂವರೆಯಿಂದ ಎರಡು ಕಿಲೋ ಇರಬೇಕು. ಇದಕ್ಕಿಂತ ಹಗುರವಾಗಿದ್ದರೆ ಯಾರೋ ಅರ ಹಾಕಿ ತಿಕ್ಕಿದ್ದಾರೆ.

ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಎರಡರ ತೋಟೆ ಒಂದೇ ಚೀಲದಲ್ಲಿ ಬೇಡ. 20ರ ತೋಟೆ 12ರ ಕೋಣೆ ದಾಟಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದೆ 12ರದನ್ನು ತುಂಬಿ ಹೊಡೆದರೆ ನಳಿಗೆ ಎಡಗೈಯ ಬಳಿಯೇ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಹಾಕುವುದು ಈ ಕಾರಣಕ್ಕೇ.

ಮಲೆನಾಡಿನ ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಚೀಲದಲ್ಲೋ ಕಂಬಳಿಯಲ್ಲೋ ಸುತ್ತಿಟ್ಟವರು ಅಕ್ಟೋಬರಿನಲ್ಲಿ ತುಕ್ಕು ತೆಗೆಯುತ್ತ ಕೂರಬೇಕು, ಎರಡೂ ನೀರು ಕುಡಿಯುತ್ತವೆ. ತೆಳುವಾಗಿ ಎಣ್ಣೆ ಸವರಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಹದಿನೈದು ದಿನಕ್ಕೊಮ್ಮೆ ಒರೆಸಿ. ತೋಟೆ ಬೇರೆ ಪೆಟ್ಟಿಗೆ, ಬೇರೆ ಬೀಗ. ತುಂಬಿದ ಕೋವಿಯನ್ನು ಬಾಗಿಲ ಹಿಂದೆ ಒರಗಿಸಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಅಲ್ಲಿಗೆ ಮೊದಲು ಕೈಹಾಕುವುದು ಕಳ್ಳನಲ್ಲ, ರಜೆಗೆ ಬಂದ ಮೊಮ್ಮಗ. ದಯವಿಟ್ಟು ಬಿಡಿ ಆ ರೂಢಿ.

ನಿಮ್ಮ ಮನೆ ಭದ್ರಾ ಅಭಯಾರಣ್ಯದಿಂದ 10 ಕಿ.ಮೀ. ಒಳಗಿದ್ದರೆ ಇನ್ನೂ ಒಂದು ವಿಷಯ: 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕು. ಅದು ಕೈಗೆ ಬರುವವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಅಲ್ಲಿಯವರೆಗೆ ಅಂಗಳಕ್ಕೆ ದೊಡ್ಡ ದೀಪ, ಹಿಂಬಾಗಿಲಿಗೆ ಅಗುಳಿ, ಎರಡು ಊರುನಾಯಿ.

ಪ್ರಶ್ನೆ: ಕೋಣೆಯೊಳಗೆ ತಿರುಗಿಸಲು ಅನುಕೂಲವಾಗಲೆಂದು ನಳಿಗೆ ಕತ್ತರಿಸಿ ಗಿಡ್ಡ ಮಾಡಿಸಬಹುದೇ?

ಆಯುಧ ಕಾಯ್ದೆಯ 6ನೇ ಕಲಮು ಓದಿ, ಗರಗಸ ಕೆಳಗಿಡಿ.

ಪ್ರಶ್ನೆ: ಓಡಿಹೋಗುವ ಕಳ್ಳನ ಕಾಲಿಗೆ ಹೊಡೆದರೆ ತಪ್ಪೇ?

ತಪ್ಪು. ಆತ್ಮರಕ್ಷಣೆಯ ಹಕ್ಕು ಎದುರಿನ ಅಪಾಯಕ್ಕೆ, ಅವನ ಬೆನ್ನಿಗಲ್ಲ.

ಪ್ರಶ್ನೆ: ತಂದೆ ತೀರಿಕೊಂಡರು. ಅವರ ಕೋವಿ ಅಟ್ಟದ ಮೇಲಿದೆ, ಲೈಸೆನ್ಸ್ ಅವರ ಹೆಸರಲ್ಲೇ ಇದೆ.

ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳಿ, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಿ. ನಿಮ್ಮ ಲೈಸೆನ್ಸಿನಲ್ಲಿ ಈಗಾಗಲೇ ಎರಡು ಆಯುಧಗಳಿದ್ದರೆ ಮೂರನೆಯದು ಸಿಗದು, 2019ರ ತಿದ್ದುಪಡಿಯಿಂದ ಎರಡೇ ಮಿತಿ.

ಪ್ರಶ್ನೆ: ನಾವು ಕೊಡವರು. ಬೆಂಗಳೂರಿನಲ್ಲಿ ನೆಲೆಸಿದರೆ ಕೋವಿ ಲೈಸೆನ್ಸಿನ ವಿನಾಯಿತಿ ಹೋಗುತ್ತದೆಯೇ?

ಹೋಗುವುದಿಲ್ಲ, ಮಿತಿ ಇದೆ. ಕೊಡಗು ಜಿಲ್ಲೆಯ ಹೊರಗೆ ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ತೋಟೆ ಕೋವಿ ಅಥವಾ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಅದಕ್ಕೆ 500 ತೋಟೆ ಅಥವಾ ಅಷ್ಟಕ್ಕೆ ಸಮನಾದ ಮದ್ದು, ಸೀಸ. ಈಗಿನ ಅಧಿಸೂಚನೆ 2029ರ ಅಕ್ಟೋಬರ್‌ವರೆಗೆ. ವಿನಾಯಿತಿ ಪತ್ರ ಜೊತೆಗಿರಲಿ.

ಪ್ರಶ್ನೆ: ಮಗಳಿಗೆ 13. ಶೂಟಿಂಗ್ ಕಲಿಯುವ ಆಸೆ. ಅಗ್ಗದಲ್ಲಿ ಯಾವ ಏರ್ ರೈಫಲ್?

ಮೊದಲ ಮೂರು ತಿಂಗಳು ಯಾವುದನ್ನೂ ಕೊಳ್ಳಬೇಡಿ. ಕ್ಲಬ್ಬಿನ ರೈಫಲಿನಲ್ಲಿ ಕಲಿಯಲಿ, ದುಡ್ಡನ್ನು ಜಾಕೆಟ್ಟಿಗೂ ಪೆಲೆಟ್ಟಿಗೂ ಇಡಿ. ಮನೆಯಲ್ಲಿ ಬರೀ ಮೋಜಿಗಾದರೆ 4.5 ಮಿ.ಮೀ. ಬೋರಿನ, 20 ಜೂಲ್ ದಾಟದ ಸ್ಪ್ರಿಂಗ್ ರೈಫಲಿಗೆ ಲೈಸೆನ್ಸ್ ಬೇಡ. 5.5 ಮಿ.ಮೀ.ಗೆ ಬೇಕು, ಬೇಡವೆನ್ನುವ ಅಂಗಡಿಯಿಂದ ಎದ್ದು ಬನ್ನಿ. ಸ್ಪ್ರಿಂಗ್ ರೈಫಲನ್ನು ಪೆಲೆಟ್ ಇಲ್ಲದೆ ಹೊಡೆಯಬಾರದು. ಎದುರೊತ್ತುವ ಗಾಳಿ ಇಲ್ಲದೆ ಪಿಸ್ಟನ್ ಲೋಹಕ್ಕೆ ಬಡಿದು ಸೀಲು ಹರಿಯುತ್ತದೆ. ಗಾಳಿಕೋಣೆಗೆ ಎಣ್ಣೆ ಬಿಡಬಾರದು, ಒತ್ತಡಕ್ಕೆ ಅದು ಹೊತ್ತಿಕೊಂಡು ಸಿಡಿಯುತ್ತದೆ. ಗುರಿಯ ಹಿಂದೆ ಹಳೆ ಬಟ್ಟೆ ಗಿಡಿದ ಮರದ ಪೆಟ್ಟಿಗೆ ಇರಲಿ, ಕಲ್ಲು ಗೋಡೆಯಿಂದ ಪೆಲೆಟ್ ಕಣ್ಣಿಗೇ ವಾಪಸು ಬರುತ್ತದೆ. ಕನ್ನಡಕ ಕಡ್ಡಾಯ.

ಸ್ಪರ್ಧೆಗೆಂದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ಕೊಳ್ಳುವಾಗ ಮೊದಲು ಗಾಳಿ ಸಿಲಿಂಡರಿನ ಮೇಲಿನ ತಾರೀಖು ನೋಡಿ. ಅದರ ಆಯುಷ್ಯ 10 ವರ್ಷ. ಒಂಬತ್ತನೇ ವರ್ಷದ ಸಿಲಿಂಡರಿನ ರೈಫಲನ್ನು ‘ಚಿನ್ನದಂಥ ಮಾಲು’ ಎಂದು ತಲೆಗೆ ಕಟ್ಟುತ್ತಾರೆ. ಹೊಸ ಸಿಲಿಂಡರಿನ ಬೆಲೆಯನ್ನು ಅವರು ಕೇಳಿದ ಮೊತ್ತದಿಂದ ಕಳೆದು ಮಾತಾಡಿ.

ಪ್ರಶ್ನೆ: ತೋಟಕ್ಕೆ ಬರುವ ನವಿಲನ್ನು ಏರ್‌ಗನ್ನಿನಿಂದ ಹೆದರಿಸಬಹುದೇ?

ಬೇಡ. ಪೆಲೆಟ್ ಹೆದರಿಸುವುದಿಲ್ಲ, ಮೈಯೊಳಗೆ ಉಳಿದು ಕೊಳೆಸುತ್ತದೆ. ಏರ್‌ಗನ್ನಿಗೆ ಲೈಸೆನ್ಸ್ ಬೇಡವೆಂದರೆ ನವಿಲಿಗೆ ಹೊಡೆಯಲು ಪರವಾನಗಿ ಸಿಕ್ಕಿತೆಂದಲ್ಲ. ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ಹಕ್ಕಿ ಅದು, ಸಿಕ್ಕಿಬಿದ್ದರೆ ಜೈಲು.