ಯಾವುದು ಅತ್ತೆಯದು, ಯಾವುದು ಕುರಿಯದು?

ಪ್ರಶ್ನೆ: ನಮ್ಮ ಅತ್ತೆಯವರಿಗೆ 66 ವರ್ಷ. ಮೂಳೆ ಸವೆತಕ್ಕೆ ಮಾತ್ರೆ ನಡೆಯುತ್ತಿದೆ. 24 ಗಂಟೆಯ ಮೂತ್ರದಲ್ಲಿ ಹೈಡ್ರಾಕ್ಸಿಪ್ರೋಲಿನ್ (ಮೂಳೆ ಸವೆದಾಗ ಮೂತ್ರಕ್ಕೆ ಬರುವ ಒಂದು ಅಮೈನೋ ಆಮ್ಲ) ಮೊದಲ ಸಲ 38 ಮಿ.ಗ್ರಾಂ. ಇತ್ತು, ಈಗ 71 ಬಂದಿದೆ. ಮೂಳೆ ಗಟ್ಟಿಯಾಗಲೆಂದು ವಾರಕ್ಕೆ ಮೂರು ದಿನ ಕಾಲು ಸೂಪ್ ಕೊಡುತ್ತಿದ್ದೇವೆ. ಮಾತ್ರೆ ನಾಟುತ್ತಿಲ್ಲವೇ?

ಉತ್ತರ: ಮಾತ್ರೆಗಿಂತ ಮೊದಲು ಸೂಪನ್ನು ಅನುಮಾನಿಸಿ. ಮೂಳೆ, ಚರ್ಮಗಳನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನಾದ ಕೊಲ್ಲಾಜೆನ್ ಕಳಚಿದಾಗ ಹೊರಬೀಳುವ ಹೈಡ್ರಾಕ್ಸಿಪ್ರೋಲಿನನ್ನು ದೇಹ ಹೊಸ ಕೊಲ್ಲಾಜೆನ್‌ಗೆ ಮತ್ತೆ ಬಳಸಲಾರದು. ಹೆಚ್ಚಿನದನ್ನು ಯಕೃತ್ತು ಒಡೆದುಹಾಕುತ್ತದೆ. ಮೂತ್ರಕ್ಕೆ ಇಳಿಯುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಆ ಅಷ್ಟಿಷ್ಟಕ್ಕೆ ಕುರಿಕಾಲಿನದೂ ಸೇರಿಕೊಂಡರೆ ಬೇರ್ಪಡಿಸಿ ಹೇಳುವ ಶಕ್ತಿ ಈ ಪರೀಕ್ಷೆಗಿಲ್ಲ.

ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಮೂತ್ರ ಸಂಗ್ರಹಕ್ಕೆ ಎರಡು ದಿನ ಮೊದಲಿನಿಂದ, ಅದು ಮುಗಿಯುವವರೆಗೆ ಮಾಂಸ, ಮೀನು, ಜೆಲ್ಲಿ, ಕೊಲ್ಲಾಜೆನ್ ಪುಡಿ ಬೇಡ. ಬೆಳಿಗ್ಗೆ ಎದ್ದಾಗಿನ ಮೂತ್ರವನ್ನು ಚೆಲ್ಲಿ ಗಂಟೆ ಬರೆದಿಡಿ. ಆಮೇಲಿನದೆಲ್ಲ, ಮರುದಿನ ಅದೇ ಹೊತ್ತಿನದೂ ಸೇರಿ, ಕ್ಯಾನಿಗೆ. ತಳದಲ್ಲಿ ಲ್ಯಾಬಿನವರು ಹಾಕಿಕೊಟ್ಟ ಆಸಿಡ್ ಇದ್ದರೆ ತೊಳೆದುಬಿಡಬೇಡಿ (ಹಾಗೆ ಮಾಡುವವರಿದ್ದಾರೆ), ಮಗ್ಗಿನಲ್ಲಿ ಹಿಡಿದು ನಿಧಾನಕ್ಕೆ ಸುರಿಯಿರಿ. ಅದೇ ಕ್ಯಾನಿನ ಕ್ರಿಯಾಟಿನಿನ್ (ಸ್ನಾಯುಗಳಿಂದ ದಿನಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ತ್ಯಾಜ್ಯ) ಕೂಡ ನೋಡಿಸಿ. ಒಬ್ಬರದೇ ದಿನದ ಕ್ರಿಯಾಟಿನಿನ್ ಎರಡು ಸಲಕ್ಕೆ ತೀರಾ ಬೇರೆ ಬಂದರೆ ಸಂಗ್ರಹದಲ್ಲೇ ಎಡವಟ್ಟಾಗಿದೆ. ಇತ್ತೀಚೆಗೆ ಮೂಳೆ ಮುರಿದಿದ್ದರೂ ಅಂಕಿ ತಿಂಗಳುಗಟ್ಟಲೆ ಏರಿಯೇ ಇರುತ್ತದೆ.

ಮಾತ್ರೆಯ ಗುಣ ನೋಡಲು ಈಗ ಹೆಚ್ಚಾಗಿ ಬಳಸುವುದು ಬೆಳಗಿನ ಖಾಲಿ ಹೊಟ್ಟೆಯ ರಕ್ತದ ಸಿಟಿಎಕ್ಸ್ (ಮೂಳೆಯ ಕೊಲ್ಲಾಜೆನ್ ಒಡೆದಾಗ ರಕ್ತಕ್ಕೆ ಬರುವ ತುಣುಕು). ವೈದ್ಯರಲ್ಲಿ ಅದನ್ನೇ ಕೇಳಿ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ಕಾಲೇಜು ಲ್ಯಾಬಿನಲ್ಲಿ ಕ್ಲೋರಮೈನ್-ಟಿ ವಿಧಾನದಿಂದ (ಈ ರಾಸಾಯನಿಕದಿಂದ ಆಕ್ಸಿಡೀಕರಿಸಿ ಬಣ್ಣ ಬರಿಸಿ) ಹೈಡ್ರಾಕ್ಸಿಪ್ರೋಲಿನನ್ನೇ ಅಳೆಯುತ್ತಿದ್ದೇವೆ. ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್‌ಗೆ ಕೆಂಪು ಚೆನ್ನಾಗಿ ಬರುತ್ತದೆ, ಮೂತ್ರಕ್ಕೆ ಬರುವುದಿಲ್ಲ.

ಉತ್ತರ: ಹಾಗಾದರೆ ರಿಯೇಜೆಂಟ್‌ಗಳ ತಪ್ಪಲ್ಲ. ಮೂತ್ರದಲ್ಲಿ ಹೈಡ್ರಾಕ್ಸಿಪ್ರೋಲಿನ್ ಬಹುಪಾಲು ಪೆಪ್ಟೈಡ್‌ಗೆ (ಪ್ರೋಟೀನಿನ ಚಿಕ್ಕ ತುಣುಕಿಗೆ) ಅಂಟಿಕೊಂಡೇ ಬರುತ್ತದೆ, ಬಿಡಿಸದೆ ಬಣ್ಣವಿಲ್ಲ. ಮೂತ್ರಕ್ಕೆ ಸಮಪ್ರಮಾಣ ಗಾಢ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿ, ಮುಚ್ಚಳ ಬಿಗಿದು, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ಗಂಟೆ ಇಡಿ. ಬೆಳಿಗ್ಗೆ ಟ್ಯೂಬಿನ ಮಟ್ಟ ಇಳಿದಿದ್ದರೆ ಮುಚ್ಚಳ ಸೋರಿದೆ, ಅದನ್ನು ಎಸೆಯಿರಿ. ಆಮೇಲೆ ಆಸಿಡ್ ಪೂರ್ತಿ ತೆಗೆದು ಪಿಎಚ್ 6ಕ್ಕೆ ತನ್ನಿ. ಆಸಿಡ್ ಉಳಿದರೆ ಆಕ್ಸಿಡೀಕರಣ ಸಾಗದು. ನಿಮ್ಮಲ್ಲಿ ಎಡವಿದ್ದು ಇಲ್ಲಿಯೇ ಇರಬಹುದು. ಇನ್ನೊಂದು: ಕುದಿಸಿದ ಮೂತ್ರ ತೆಳು ಡಿಕಾಕ್ಷನ್‌ನಂತೆ ಕಂದಾಗುತ್ತದೆ. ಪ್ರತಿ ಮಾದರಿಗೂ ಕ್ಲೋರಮೈನ್-ಟಿ ಹಾಕದ ಅದರದೇ ಬ್ಲ್ಯಾಂಕ್ (ಹೋಲಿಸಿ ಕಳೆಯುವ ಟ್ಯೂಬ್) ಇಡದಿದ್ದರೆ 560 ನ್ಯಾನೊಮೀಟರ್‌ನಲ್ಲಿ ನೀವು ಓದುವುದರಲ್ಲಿ ಆ ಡಿಕಾಕ್ಷನ್ನಿನ ಬಣ್ಣವೂ ಸೇರಿರುತ್ತದೆ.