ರಾಜನ ಕಾಲ ಕೆಳಗೆ ಬೆಟ್ಟ ಯಾಕೆ?

ಪ್ರಶ್ನೆ: ಸಾರ್, ಟರ್ಕಿಯಲ್ಲಿರುವ ಹಿಟ್ಟೈಟ್ ಜನರ ಹಳೇ ಬಂಡೆ ಕೆತ್ತನೆಯ ಫೋಟೋ ನೋಡಿದೆ. ರಾಜ ಎರಡು ಬೆಟ್ಟಗಳ ಮೇಲೆ ಕಾಲಿಟ್ಟು ನಿಂತಿದ್ದಾನೆ. ಅವರಿಗೆ ಬೆಟ್ಟವೇ ದೇವರಂತೆ. ನಾವು ಅಂತರಗಂಗೆ ಹತ್ತುವಾಗ ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ದೇವರ ಮೇಲೇ ಕಾಲಿಟ್ಟವನನ್ನು ಜನ ಸುಮ್ನೆ ಬಿಟ್ಟರಾ?
– ಓದುಗರೊಬ್ಬರು, ಕೋಲಾರ

ಉತ್ತರ: ಬಿಟ್ಟರು, ಯಾಕಂದ್ರೆ ಅಲ್ಲಿ ಅದು ತುಳಿತ ಅಲ್ಲ, ಹೊರುವುದು. ನೀವು ನೋಡಿದ್ದು ಯಾಜಿಲಿಕಾಯಾ ಅನ್ನೋ ಜಾಗ. ಹಿಟ್ಟೈಟರ ರಾಜಧಾನಿ ಹತ್ತುಸದ ಪಕ್ಕದಲ್ಲೇ ಇದೆ. ರಾಜ 4ನೇ ತುಧಾಲಿಯ, ಕ್ರಿ.ಪೂ. 13ನೇ ಶತಮಾನದವನು. ಅಲ್ಲೇ ಇನ್ನೊಂದು ಕಡೆ ಮಳೆ ಸಿಡಿಲಿನ ದೇವರು ತೆಶುಬ್ ಇದ್ದಾನೆ ನೋಡಿ, ಇಬ್ಬರು ಬೆಟ್ಟದೇವರು ತಲೆ ಬಗ್ಗಿಸಿದ್ದಾರೆ, ಅವರ ಕತ್ತಿನ ಮೇಲೆ ಅವನು ನಿಂತಿದ್ದಾನೆ. ಉತ್ಸವದ ದಿನ ಅಡ್ಡೆಗೆ ಹೆಗಲು ಕೊಟ್ಟವರಿಗೆ ಅವಮಾನ ಆಯ್ತು ಅಂತ ನಾವು ಅಂತೀವಾ? ಹಾಗೇ ಇದೂ.

ಇನ್ನೂ ಒಂದು ಸ್ವಾರಸ್ಯ ಇದೆ. ತುಧಾಲಿಯ ಅನ್ನೋದೇ ಒಂದು ಬೆಟ್ಟದ ಹೆಸರು. ನಮ್ಮಲ್ಲಿ ಶೇಷಾದ್ರಿ, ತಿರುಮಲ ಅಂತ ಇಡಲ್ವಾ, ಹಾಗೆ. ಕೆತ್ತನೆಯಲ್ಲಿ ಅವನ ಹೆಸರಿನ ಮುದ್ರೆ ಹುಡುಕಿ. ರೆಕ್ಕೆ ಇರುವ ಸೂರ್ಯನ ಕೆಳಗೆ ಪುಟ್ಟ ಬೆಟ್ಟದೇವರು ಕಾಣಿಸುತ್ತಾನೆ.

ಇಷ್ಟೆಲ್ಲ ತೋರಿಸಿಕೊಳ್ಳುವ ಗರಜು ಅವನಿಗೆ ಇತ್ತು ಅಂತ ನನ್ನ ಅನಿಸಿಕೆ. ಅವನಪ್ಪ 3ನೇ ಹತ್ತುಸಿಲಿ ಸ್ವಂತ ಅಣ್ಣನ ಮಗನನ್ನೇ ಇಳಿಸಿ ಗದ್ದುಗೆ ಹಿಡಿದವನು. ಅಂಥ ಮನೆಯ ಹುಡುಗ ಜನರ ಎದುರು 'ನಾನೇ ಸರಿಯಾದ ರಾಜ' ಅಂತ ಬಾಯಲ್ಲಿ ಹೇಳಿದರೆ ಸಾಲದು, ಬೆಟ್ಟವೇ ನನ್ನನ್ನು ಹೊತ್ತುಕೊಂಡಿದೆ ಅಂತ ಬಂಡೆಯ ಮೇಲೆ ಕೆತ್ತಿಸಬೇಕು. ಆದರೂ ಅವರ ಹಳೇ ಮಂತ್ರವೊಂದರ ಪ್ರಕಾರ ನಾಡು ರಾಜನದಲ್ಲ. ನೆಲ, ಆಕಾಶ, ಸೈನ್ಯ ಎಲ್ಲ ಸಿಡಿಲಿನ ದೇವರದು, ರಾಜ ಅದನ್ನು ನೋಡಿಕೊಳ್ಳುವ ಪಾರುಪತ್ತೇದಾರ, ಅಷ್ಟೇ. ಒಪ್ಪಂದ ಮಾಡಿದರೂ ಬೆಟ್ಟ, ಹೊಳೆಗಳೇ ಸಾಕ್ಷಿ. ಸುಮಾರು ಕ್ರಿ.ಪೂ. 1259ರಲ್ಲಿ ಈಜಿಪ್ಟಿನ ರಾಜ 2ನೇ ರಾಮ್ಸೆಸ್ ಜೊತೆ ಹತ್ತುಸಿಲಿ ಮಾಡಿಕೊಂಡ ಒಪ್ಪಂದದಲ್ಲೂ ಅವು ಇವೆ.

ಊರ ಜನ ಬೆಟ್ಟಕ್ಕೆ ಜಾತ್ರೆ ಮಾಡ್ತಿದ್ದರು. ಸುಗ್ಗಿಯ ಕಾಳನ್ನು ಒಂದು ದೊಡ್ಡ ವಾಡೆಗೆ ತುಂಬಿ ಮುಚ್ಚಿಡೋರು. ವಸಂತದಲ್ಲಿ ಮೊದಲ ಗುಡುಗು ಕೇಳಿದ ಮೇಲೆ ವಾಡೆ ತೆಗೆದು, ಕಾಳು ಬೀಸಿ ರೊಟ್ಟಿ ಸುಟ್ಟು, ದೇವರನ್ನು ಹೊತ್ತುಕೊಂಡು ಬಯಲಲ್ಲಿ ನೆಟ್ಟ ಕಲ್ಲಿನ ಹತ್ತಿರ ಹೋಗಿ, ಅಲ್ಲಿ ತಿಂದು ಕುಡಿದು ಕುಸ್ತಿ ಆಡಿ ಬರೋರು. ನಮ್ಮ ಕಡೆ ಮುಂಗಾರಿನ ಮೊದಲ ಗುಡುಗಿಗೆ ಮುಖ ಮೇಲೆತ್ತುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕೋಲಾರದವರು ಅಂದ್ರಲ್ಲ, ಎಫ್ಲಾತುನ್ ಪಿನಾರ್ ಅನ್ನೋ ಊಟೆಯ ಫೋಟೋನೂ ನೋಡಿ. ಅಲ್ಲಿ ಕೆಳಸಾಲಿನ ಬೆಟ್ಟದೇವರ ಲಂಗದಲ್ಲಿ ತೂತುಗಳಿವೆ, ಅವುಗಳಿಂದ ನೀರು ಕೊಳಕ್ಕೆ ಬೀಳ್ತಿತ್ತು. ನಿಮ್ಮ ಅಂತರಗಂಗೆಯಲ್ಲಿ ಅದೇ ಕೆಲಸ ಕಲ್ಲು ಬಸವ ಮಾಡ್ತಾನೆ, ಬಾಯಿಂದ.