ಹಳೆಯ ಗೃಹಸಾಲಕ್ಕೆ ಹೊಸ ದರ: ಕೇಳುವುದು ಹೇಗೆ?

ಪ್ರಶ್ನೆ: ನಾನು ತುಮಕೂರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಕ್ಯಾತ್ಸಂದ್ರದಲ್ಲಿ ಮನೆ ಕಟ್ಟಲು 2017ರಲ್ಲಿ 20 ವರ್ಷಕ್ಕೆಂದು ಸಾಲ ತೆಗೆದೆ. ಈಗ 20 ಲಕ್ಷ ರೂಪಾಯಿ ಬಾಕಿ. ಅವಧಿ ನೋಡಿದರೆ ಇನ್ನೂ 15 ವರ್ಷ ತೋರಿಸುತ್ತಿದೆ! ಬಡ್ಡಿ ಶೇ 9.4. ಪಕ್ಕದ ಮನೆಯವರಿಗೆ ಅದೇ ಬ್ಯಾಂಕ್ ಶೇ 8.4ಕ್ಕೆ ಕೊಟ್ಟಿದೆ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಐದು ರೂಪಾಯಿಗೆ ವಾದಿಸುವ ನನಗೆ ಮ್ಯಾನೇಜರ್ ಮುಂದೆ ಬಾಯಿಯೇ ಬರುವುದಿಲ್ಲ. ಕೇಳಿದರೆ ಇಳಿಸುತ್ತಾರೆಯೇ?

ಉತ್ತರ: ಇಳಿಸುತ್ತಾರೆ, ಸರಿಯಾದದ್ದನ್ನು ಕೇಳಿದರೆ. ಸೊಪ್ಪು ಮಾರುವಾಕೆ ತನ್ನ ಬೆಲೆಯನ್ನು ತಾನೇ ತೀರ್ಮಾನಿಸುತ್ತಾಳೆ. ಶಾಖೆಯ ಮ್ಯಾನೇಜರ್‌ಗೆ ಆ ಭಾಗ್ಯವಿಲ್ಲ. ‘ಸ್ವಲ್ಪ ಕಡಿಮೆ ಮಾಡಿ ಸಾರ್’ ಎಂದರೆ ‘ನೋಡೋಣ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸಾಲದ ಮೇಜಿನ ಆಚೆ ಬದಿಯಲ್ಲಿ ವರ್ಷಗಟ್ಟಲೆ ಕೂತು ನಾನೂ ಎಷ್ಟೋ ಜನರನ್ನು ‘ನೋಡೋಣ’ ಎಂದೇ ಸಾಗಹಾಕಿದ್ದೇನೆ. ಲಿಖಿತ ಅರ್ಜಿ ತಂದು, ನಕಲಿನ ಮೇಲೆ ಮೊಹರು ಕೇಳುತ್ತಿದ್ದವರ ಬಳಿ ಮಾತ್ರ ಆ ಮಾತು ನಡೆಯುತ್ತಿರಲಿಲ್ಲ.

ನಿಮ್ಮದು 2017ರ ಸಾಲವಾದ್ದರಿಂದ ಅದು ಎಂಸಿಎಲ್‌ಆರ್ ಪದ್ಧತಿಯಲ್ಲಿ, ಅಂದರೆ ಬ್ಯಾಂಕ್ ತನ್ನ ಹಣದ ಖರ್ಚು ನೋಡಿ ತಾನೇ ನಿಗದಿಪಡಿಸುವ ದರದಲ್ಲಿ, ಇರುವ ಸಾಧ್ಯತೆಯೇ ಹೆಚ್ಚು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಚರ ಬಡ್ಡಿಯ ಗೃಹಸಾಲಗಳು ರೆಪೊದಂಥ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಸಾಲದ ಬಡ್ಡಿ ದರ) ಬಾಹ್ಯ ಮಾನದಂಡಕ್ಕೆ ಜೋಡಣೆಯಾಗಿವೆ. ಅವುಗಳ ಬಡ್ಡಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗಲೇಬೇಕು. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ಶೇ 6.5ರಿಂದ ಶೇ 5.25ಕ್ಕೆ ಇಳಿಯಿತು. ಅದರ ಲಾಭ ಪಕ್ಕದ ಮನೆಗೆ ಬೇಗ ತಲುಪಿತು, ನಿಮ್ಮ ಮನೆಗೆ ತೆವಳುತ್ತಾ ಬರುತ್ತಿದೆ. ಹಳೆಯ ಗ್ರಾಹಕರನ್ನು ಬ್ಯಾಂಕ್ ತಾನಾಗಿ ಕರೆದು ಹೊಸ ಪದ್ಧತಿಗೆ ಸೇರಿಸುವುದಿಲ್ಲ.

ಆದ್ದರಿಂದ ಅರ್ಜಿಯಲ್ಲಿ ಒಂದೇ ಸಾಲು ಸಾಕು: ‘ನನ್ನ ಸಾಲವನ್ನು ಎಂಸಿಎಲ್‌ಆರ್‌ನಿಂದ ರೆಪೊ ಆಧಾರಿತ ದರಕ್ಕೆ ಬದಲಾಯಿಸಿ, ಅದಕ್ಕೆ ತಗಲುವ ಶುಲ್ಕವನ್ನು ತಿಳಿಸಿ.’ ಶೇ 9.4ರಲ್ಲಿ ನಿಮ್ಮ ಕಂತು ಸುಮಾರು 20,764 ರೂಪಾಯಿ. ಶೇ 8.4 ಆದರೆ 19,578. ತಿಂಗಳಿಗೆ 1,186 ರೂಪಾಯಿ ಉಳಿತಾಯ. 15 ವರ್ಷಕ್ಕೆ 2.13 ಲಕ್ಷ. ಆದರೆ ಕಂತು ಇಳಿಸಿಕೊಳ್ಳಬೇಡಿ. ಹಳೆಯ ಕಂತನ್ನೇ ಕಟ್ಟುತ್ತಾ ಹೋದರೆ ಸಾಲ 19 ತಿಂಗಳು ಮೊದಲೇ ತೀರುತ್ತದೆ, ಉಳಿತಾಯ ಹತ್ತಿರ ಹತ್ತಿರ 4 ಲಕ್ಷ.

ನಿಮ್ಮ 20 ವರ್ಷದ ಸಾಲ ಉದ್ದವಾದದ್ದೂ ಹೀಗೆಯೇ. 2022ರ ಮೇ ತಿಂಗಳಿನಿಂದ ದರ ಏರಿದಾಗ ಅನೇಕ ಬ್ಯಾಂಕುಗಳು ಕಂತನ್ನು ಮುಟ್ಟದೆ ಅವಧಿಯನ್ನು ಎಳೆದವು. ಕಂತು ಬದಲಾಗದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ದರ ಪರಿಷ್ಕರಣೆಯಾಗುವಾಗ ಕಂತು ಹೆಚ್ಚಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಗ್ರಾಹಕರಿಗೇ ಬಿಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ.

ರೆಪೊ ಪದ್ಧತಿಗೆ ಹೋದ ಮೇಲೂ ದರ ಪಕ್ಕದ ಮನೆಯವರಿಗಿಂತ ಹೆಚ್ಚಿದ್ದರೆ ‘ಸ್ಪ್ರೆಡ್’ ಎಷ್ಟೆಂದು ಕೇಳಿ. ರೆಪೊ ಮೇಲೆ ಬ್ಯಾಂಕ್ ಸೇರಿಸಿಕೊಳ್ಳುವ ಅಂಶವದು. ಅದರ ಕೆಲವು ಭಾಗಗಳನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಿಸಬೇಕೆಂಬ ನಿಯಮವಿತ್ತು. ಗ್ರಾಹಕರನ್ನು ಉಳಿಸಿಕೊಳ್ಳಲು ಅದಕ್ಕೂ ಮೊದಲೇ ಇಳಿಸಲು 2025ರ ಅಕ್ಟೋಬರ್‌ನಿಂದ ಅವಕಾಶವಿದೆ. ‘ನಿಯಮ ಬಿಡುವುದಿಲ್ಲ’ ಎಂಬ ಸಬೂಬು ಇನ್ನು ನಡೆಯದು. ಹೋಗುವ ಮುನ್ನ ನಿಮ್ಮ ಸಿಬಿಲ್ ವರದಿ (ಸಾಲ ಮರುಪಾವತಿಯ ದಾಖಲೆ) ತೆಗೆಯಿರಿ, ವರ್ಷಕ್ಕೊಂದು ಉಚಿತ.

ಬೇರೆ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ವ್ಯಕ್ತಿಗಳ ಚರ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡವಿಲ್ಲ. ಹಾಗೆಂದು ವರ್ಗಾವಣೆ ಪುಕ್ಕಟೆಯಲ್ಲ: ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಮನೆಯ ಪತ್ರಗಳನ್ನು ಒತ್ತೆಯಿಡುವ ಮುದ್ರಾಂಕ ಶುಲ್ಕ ಎಲ್ಲ ಕೂಡಿಸಿ ನೋಡಿ. ಶೇ 0.2ರ ಅಂತರಕ್ಕೆ ಕ್ರಯಪತ್ರ ಹೊತ್ತು ಬಿ.ಎಚ್. ರಸ್ತೆಯ ಶಾಖೆಗಳನ್ನೆಲ್ಲ ಸುತ್ತಬೇಡಿ.

ದರ ಇಳಿಸಲಿಲ್ಲವೆಂದು ಬ್ಯಾಂಕ್ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರಿ ಫಲವಿಲ್ಲ, ಅದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ. ಆದರೆ ನಿಮ್ಮ ದೂರಿಗೆ 30 ದಿನಗಳಲ್ಲಿ ಉತ್ತರವೇ ಬಾರದಿದ್ದರೆ ಅವರ ಬಳಿ ಹೋಗಬಹುದು. ಮೊಹರು ಬಿದ್ದ ನಕಲು ಆಗ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಕಾರಿನ ವಿಮೆ ನವೀಕರಿಸುವಾಗ ರಿಯಾಯಿತಿ ಕೇಳಬಹುದೇ? – ಗುಬ್ಬಿಯ ಓದುಗರು

ಉತ್ತರ: ಮೂರನೇ ವ್ಯಕ್ತಿ ವಿಮೆಯ (ನಿಮ್ಮ ಕಾರಿನಿಂದ ಇತರರಿಗಾದ ಹಾನಿಗೆ) ಕಂತು ಸರ್ಕಾರ ನಿಗದಿಪಡಿಸಿದ್ದು, ಅದನ್ನು ಬಿಡಿ. ಸ್ವಂತ ಹಾನಿಯ ಭಾಗದಲ್ಲಿ ಧಾರಾಳವಾಗಿ ಕೇಳಿ. ಎರಡು ಕಂಪನಿಗಳ ದರಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ, ಆದರೆ ಐಡಿವಿ (ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಬೆಲೆ) ಎಂಬ ಅಂಕಣವನ್ನು ಮೊದಲು ನೋಡಿ. ಕಾರಿನ ಬೆಲೆಯನ್ನೇ ಕಡಿಮೆ ತೋರಿಸಿ ‘ನಿಮಗಾಗಿ ಇಳಿಸಿದೆವು’ ಎನ್ನುವ ಏಜೆಂಟರಿದ್ದಾರೆ. ಕಾರು ಕಳುವಾದ ದಿನ ಅದು ಅರಿವಾಗುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ಶೇ 20ರಿಂದ ಶೇ 50ರವರೆಗೆ ಸಿಗುವ ಬೋನಸ್ ಕಾರಿನದಲ್ಲ, ನಿಮ್ಮದು. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಅದು ಹೋಗುತ್ತದೆ. ಹಳೆಯ ಕಾರು ಮಾರುವುದಿದ್ದರೆ ಬೋನಸ್ ಪತ್ರವನ್ನು ಕಂಪನಿಯಿಂದ ಕೇಳಿ ಪಡೆಯಿರಿ, ಹೊಸ ಕಾರಿಗೆ ಅದನ್ನು ಮೂರು ವರ್ಷದೊಳಗೆ ಬಳಸಬಹುದು.